ಕಂಪ್ಯೂಟರ್ ಕಪ್ಪಾದ ಒಂಬತ್ತು ದಿನ

ಅರವತ್ತು ದಾಟಿದ ಗಂಡಸನ್ನು ಏಕವಚನದಲ್ಲಿ ಮಾತಾಡಿಸುವವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ. ಅಪ್ಪ ಹೋದ, ಅವ್ವ ಹೋದಳು, ಅಣ್ಣನೂ ಹೋದ. ಹೊಳಲ್ಕೆರೆಯಲ್ಲಿ, ಆಮೇಲೆ ಹಿರಿಯೂರಿನಲ್ಲಿ ಮೂವತ್ತು ವರ್ಷ ಪಿಯು ಹುಡುಗರಿಗೆ ಭೌತಶಾಸ್ತ್ರ ಹೇಳಿದ್ದರಿಂದ ಜಿಲ್ಲೆಯ ಯಾವ ಬಸ್ಸು ಹತ್ತಿದರೂ ಒಬ್ಬರಾದರೂ 'ಸರ್' ಎಂದು ಎದ್ದು ಸೀಟು ಬಿಡುತ್ತಾರೆ. ನನ್ನನ್ನು 'ಲೇ' ಎಂದು ಕರೆಯುವವನು ಚಿತ್ರದುರ್ಗದಲ್ಲಿ ಒಬ್ಬನೇ ಉಳಿದಿದ್ದ. ಸಂತೆ ಹೊಂಡದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನ್ನ ಗೆಳೆಯ. ಐದನೇ ಕ್ಲಾಸಿನಿಂದ ನಾವು ಒಂದೇ ಬೆಂಚು. ಆ 'ಲೇ' ನನ್ನ ಕೈ ತಪ್ಪಿದ್ದು ಹೇಗೆಂದು ಬರೆಯಲು ಕುಳಿತಿದ್ದೇನೆ. ಬರೆಯುತ್ತಿರುವುದೂ ಅದಕ್ಕೆ ಕಾರಣವಾದ ಕಂಪ್ಯೂಟರಿನಲ್ಲೇ.

ನಿವೃತ್ತಿಯಾದ ಮೇಲೆ ನನಗೊಂದು ಹುಚ್ಚು ಹತ್ತಿತು. ತಂತಿಯೊಳಗೆ ಎಲೆಕ್ಟ್ರಾನ್ ಹೇಗೆ ಸಾಗುತ್ತದೆ, ಆಯಸ್ಕಾಂತದ ಸುತ್ತ ಏನು ನಡೆಯುತ್ತದೆ ಎಂದು ಕನ್ನಡದಲ್ಲಿ, ಚಲಿಸುವ ಚಿತ್ರಗಳ ಸಮೇತ ಪಾಠದ ವಿಡಿಯೋ ಮಾಡಬೇಕು. ಅದಕ್ಕೆ ಒಳ್ಳೆಯ ಕಂಪ್ಯೂಟರ್ ಬೇಕು, ಅದರಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಚಿತ್ರಗಳನ್ನೆಲ್ಲ ಪರದೆಗೆ ಕಳಿಸುವುದು ಅದೇ. ಜೋಡಿಸಿದ್ದನ್ನೇ ಕೊಳ್ಳಿ ಎಂದು ಎಲ್ಲರೂ ಹೇಳಿದರು. ಜೀವಮಾನವಿಡೀ ಸರ್ಕೀಟು ಬರೆಸಿದವನು ಯಾರೋ ಜೋಡಿಸಿದ ಡಬ್ಬ ತರುವುದೇ ಎಂದು ನಾನು ಹಠ ಹಿಡಿದೆ.

"ಲೇ, ಅಂಗಡಿಗೆ ತಗಂಡು ಬಾ, ಒಂದು ಗಂಟೆಲಿ ನಾನೇ ಕೂಡ್ಸಿ ಕೊಡ್ತೀನಿ. ನಿನ್ನ ಕೈಯಾಗೆ ಸ್ಕ್ರೂ ನಿಲ್ಲಾದಿಲ್ಲ," ಎಂದ ಗೆಳೆಯ.

"ನೀನು ಕಾರ್ಡ್ ತರಿಸಿಕೊಡು ಸಾಕು. ಉಳಿದಿದ್ದು ನನಗೆ ಬಿಡು," ಎಂದೆ.

ತರಿಸಿಕೊಟ್ಟ. ಕೊಡುವಾಗ, "ಒಂದಿನ ನನ್ನ ಮಿಷಿನ್‌ಗೆ ಹಾಕಿ ಓಡ್ಸಿ ನೋಡೀನಿ, ಚೆನ್ನಾಗೈತೆ," ಎಂದೂ ಹೇಳಿದ. ನಾನು ಆಗ ಮನೆಗೆ ಓಡುವ ಆತುರದಲ್ಲಿದ್ದೆ. ಅವನ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಸೋಮವಾರ ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಹಾಲ್‌ನಲ್ಲಿ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಹರಡಿಕೊಂಡು ಕುಳಿತೆ. ಹೆಂಡತಿ ಅಡುಗೆಮನೆಯಿಂದಲೇ, "ಹೊಸ ಸಾಮಾನು ಕಣ್ರಿ, ವಿಭೂತಿ ಹಚ್ಚಿ ಶುರು ಮಾಡ್ರಿ," ಎಂದಳು. ನಮ್ಮ ಮನೆಯಲ್ಲಿ ಮಿಕ್ಸಿಯಿಂದ ಹಿಡಿದು ಸ್ಕೂಟರಿನವರೆಗೆ ಮೂರು ಪಟ್ಟೆ ಬೀಳದೆ ಯಾವುದೂ ಕೆಲಸಕ್ಕೆ ಇಳಿದಿಲ್ಲ. ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಎದ್ದು ಕುಳಿತಿತು. ಮಗು ಹುಟ್ಟಿದಾಗಲೂ ನಾನು ಅಷ್ಟು ಕುಣಿದಿರಲಿಲ್ಲ ಎಂದು ಹೆಂಡತಿ ಆಡಿಕೊಂಡಳು.

ಬುಧವಾರ ಹನ್ನೊಂದು ಗಂಟೆಗೆ ಮೊದಲ ಸಲ ಕಪ್ಪಾಯಿತು. ಎಲೆಕ್ಟ್ರಾನ್‌ಗಳನ್ನು ಸಾಲಾಗಿ ತಂತಿಯೊಳಗೆ ಹರಿಯಲು ಬಿಟ್ಟಿದ್ದೆ. ಪರದೆ ಒಮ್ಮೆಲೇ ಕಪ್ಪು. ಒಳಗಿನ ಫ್ಯಾನುಗಳು ಜೋರಾಗಿ ಭರ್ರೆನ್ನತೊಡಗಿದವು. ಸಿಗ್ನಲ್ ಇಲ್ಲ ಎಂದು ಮಾನಿಟರಿನಲ್ಲಿ ಸಣ್ಣ ಅಕ್ಷರ ಬಂತು. ಸ್ವಿಚ್ಚು ಆರಿಸಿ ಹಾಕಿದೆ, ಬಂತು. ಅರ್ಧ ಗಂಟೆಗೆ ಮತ್ತೆ ಕಪ್ಪು.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಹಳೆಯ ಪ್ರಶ್ನೆಪತ್ರಿಕೆಯೊಂದರ ಹಿಂದೆ ಕಪ್ಪಾದ ಹೊತ್ತನ್ನೆಲ್ಲ ಬರೆದಿಡತೊಡಗಿದೆ. ಸುಮ್ಮನೆ ಪತ್ರಿಕೆ ಓದುವಾಗ ಏನೂ ಆಗುತ್ತಿರಲಿಲ್ಲ. ಚಿತ್ರ ಚಲಿಸಲು ಶುರುವಾದರೆ ಸಾಕು, ಕೈ ಕೊಡುತ್ತಿತ್ತು. ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಎರಡು ಗಂಟೆಗೆ. ಇಂಥ ಹೊತ್ತಿಗೇ ಕೆಡುತ್ತದೆ ಎಂದು ಗೊತ್ತಿದ್ದರೆ ಮನುಷ್ಯ ಹೇಗೋ ಹೊಂದಿಕೊಳ್ಳುತ್ತಾನೆ. ಯಾವಾಗ ಎಂದು ತಿಳಿಯದೆ ಅದರ ಮುಖವನ್ನೇ ನೋಡುತ್ತ ಕೂರುವುದು ಬಹಳ ಕಷ್ಟ. ಊಟಕ್ಕೆ ಕುಳಿತರೆ ತಟ್ಟೆ ಹಿಡಿದುಕೊಂಡೇ ಎದ್ದು ಬಂದು ನೋಡುತ್ತಿದ್ದೆ. ತಾರಸಿಗೆ ಹೋಗಿ ನಾಲ್ಕು ಹೆಜ್ಜೆ ಹಾಕಿ, ಫ್ಯಾನಿನ ಸದ್ದು ಕೇಳಿದಂತಾಗಿ ಓಡಿ ಇಳಿಯುತ್ತಿದ್ದೆ.

"ಗುಡ್ಡದ ಮ್ಯಾಲಿನ ಗಾಳಿ ಫ್ಯಾನು ನಿಂತಾಗ ಇದೂ ನಿಲ್ತೈತೇನೋ," ಎಂದಳು ಹೆಂಡತಿ, ದೂರದ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಯಂತ್ರಗಳನ್ನು ತೋರಿಸಿ. ನನಗೆ ನಗು ಬರಲಿಲ್ಲ.

ಮೊದಲು ಕರೆಂಟಿನ ಮೇಲೆ ಅನುಮಾನಪಟ್ಟೆ. ಹೊಸದುರ್ಗದಲ್ಲಿರುವ ಹೆಂಡತಿಯ ತಮ್ಮನ ಮನೆಯಿಂದ ಯುಪಿಎಸ್ ಕೇಳಿ, ಆ ಭಾರವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಕಪ್ಪಾಯಿತು. ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಸರಿಯಿಲ್ಲ ಅನ್ನಿಸಿ ಹಿತ್ತಲಿನ ಅರ್ಥಿಂಗ್ ಗುಂಡಿಗೆ ಉಪ್ಪು ಹಾಕಿ ನಾಲ್ಕು ಕೊಡ ನೀರು ಸುರಿದೆ. "ದಾಸವಾಳಕ್ಕೆ ಒಂದು ಚೆಂಬು ನೀರು ಕೇಳಿದ್ರೆ ಬೈತೀರಿ, ಗುಂಡಿಗೆ ನಾಲ್ಕು ಕೊಡ," ಎಂದಳು ಹೆಂಡತಿ. ಆಮೇಲೂ ಕಪ್ಪಾಯಿತು. ರ‍್ಯಾಮ್ ತೆಗೆದು ಹಾಕಿದೆ, ಕೇಬಲ್ ಬದಲಿಸಿದೆ, ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿದೆ, ಮತ್ತೆ ಅಳಿಸಿ ಮತ್ತೆ ಹಾಕಿದೆ. ಫೋನಿನಲ್ಲಿ ಯಾರು ಯಾರೋ ಹೇಳಿಕೊಡುವ ವಿಡಿಯೋಗಳನ್ನು ನೋಡಿದೆ. ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ ಎಂದು ಅವರಲ್ಲಿ ಮೂವರಾದರೂ ಹೇಳಿದ್ದರು. ಅದೊಂದನ್ನು ಮಾತ್ರ ನಾನು ಮಾಡಲಿಲ್ಲ. ಅದನ್ನು ಕೂರಿಸಿದ್ದು ನಾನು, ಟಕ್ ಎಂದು ಸದ್ದು ಬರುವವರೆಗೆ ಒತ್ತಿ ಕೂರಿಸಿದ್ದೆ. ನನ್ನ ಕೆಲಸದಲ್ಲಿ ತಪ್ಪಿರಬಹುದು ಎಂಬ ಯೋಚನೆ ನನಗೆ ಬರಲೇ ಇಲ್ಲ. ಮೇಷ್ಟ್ರ ಜಾತಿಯೇ ಹಾಗೆ, ತಪ್ಪು ಯಾವಾಗಲೂ ಎದುರಿನ ಬೆಂಚಿನಲ್ಲಿ ಇರುತ್ತದೆ.

ಎಂಟನೆಯ ದಿನ ಕಾರ್ಡಿನ ಖಾಲಿ ಪೆಟ್ಟಿಗೆ ಕೈಗೆ ಸಿಕ್ಕಿತು. ಅದರ ಸೀಲು ಮೊದಲೇ ಕತ್ತರಿಸಿದ್ದು ಕಣ್ಣಿಗೆ ಬಿತ್ತು. ಯಾರೋ ಬಳಸಿ ಬಿಟ್ಟದ್ದನ್ನು ನನಗೆ ದಾಟಿಸಿದ್ದಾನೆ ಎಂದು ತಲೆಯಲ್ಲಿ ಒಂದು ಹುಳ ಹೊಕ್ಕಿತು. ಒಂದಿನ ಓಡಿಸಿ ನೋಡಿದ್ದೇನೆ ಎಂದು ಅವನೇ ಹೇಳಿದ್ದು ಆಗ ನೆನಪಾಗಲಿಲ್ಲ. ನೆನಪಾಗುವುದು ನನಗೆ ಬೇಕಿರಲಿಲ್ಲವೇನೋ. ಇಷ್ಟು ದಿನದ ಸಂಕಟಕ್ಕೆ ಒಬ್ಬ ಮನುಷ್ಯ ಸಿಕ್ಕಿದ್ದ.

ಒಂಬತ್ತನೆಯ ದಿನ ಬೆಳಗ್ಗೆಯೂ ಕಪ್ಪಾಯಿತು. ಚಪ್ಪಲಿ ಮೆಟ್ಟಿಕೊಂಡು ನೇರ ಅವನ ಅಂಗಡಿಗೆ ಹೋದೆ. ಭರಮಸಾಗರದಿಂದ ಬಂದ ಹೆಂಗಸೊಬ್ಬರು ತಮ್ಮ ಲ್ಯಾಪ್‌ಟಾಪ್ ತೋರಿಸುತ್ತ ಕುಳಿತಿದ್ದರು. ಅವನು ತಲೆ ಎತ್ತಿ, "ಬಾರಲೇ, ಮುಖ ಯಾಕೆ ಹಂಗಾಗೈತೆ?" ಎಂದ.

"ಬಳಸಿದ ಕಾರ್ಡನ್ನ ಹೊಸದು ಅಂತ ಕೊಟ್ಟೆಯಲ್ಲೋ. ಸೀಲು ಒಡೆದೈತೆ. ನನಗೂ ಟೋಪಿ ಹಾಕ್ದೆಯಾ?"

"ಲೇ, ನಾನೇ ಬಿಚ್ಚಿ ನೋಡೀನಿ ಅಂತ ಹೇಳಿದ್ನಲ್ಲಲೇ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. "ನಿಮ್ಮೋರ ಗುಜರಿ ಬುದ್ಧಿ ಎಲ್ಲಿ ಹೋಗ್ತೈತೆ," ಎಂದೆ.

ಅವರದು ಕೋಟೆಯ ಕಾಲದಿಂದ ಈ ಊರಿನಲ್ಲಿರುವ ಮುಸ್ಲಿಂ ಮನೆತನ. ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದರು, ಅಪ್ಪ ರೇಡಿಯೊ, ಇವನು ಟಿವಿಯಿಂದ ಶುರು ಮಾಡಿ ಕಂಪ್ಯೂಟರಿಗೆ ಬಂದವನು. ಗುಜರಿಗೂ ಅವರಿಗೂ ಸಂಬಂಧವೇ ಇಲ್ಲ. ಇದ್ದರೂ ನಾನು ಆಡಿದ್ದು ಗುಜರಿಯ ಬಗ್ಗೆ ಅಲ್ಲ ಎಂದು ಅವನಿಗೂ ಗೊತ್ತಿತ್ತು, ಲ್ಯಾಪ್‌ಟಾಪಿನ ಹೆಂಗಸಿಗೂ ಗೊತ್ತಾಯಿತು. ಅವರು ತಲೆ ತಗ್ಗಿಸಿ ತಮ್ಮ ಬ್ಯಾಗಿನ ಜಿಪ್ಪು ಹಾಕಿ ತೆಗೆದು ಮಾಡತೊಡಗಿದರು.

ಅವನು ಬೈಯಲಿಲ್ಲ. ಬೈದಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಮೇಜಿನ ಮೇಲಿಟ್ಟು ಹೇಳಿದ, "ನಾಳೆ ಮಿಷಿನ್ ತಗಂಡು ಬರ್ರಿ. ನೋಡ್ತೀನಿ."

ಬರ್ರಿ. ಐವತ್ತು ವರ್ಷದಲ್ಲಿ ಅವನ ಬಾಯಿಂದ ನನಗೆ ಬಂದ ಮೊದಲ ಬಹುವಚನ ಅದು. ನಮ್ಮ ಕಡೆ ಅದು ಮರ್ಯಾದೆಯ ಮಾತು, ಬೀಗರಿಗೆ, ಸಾಹೇಬರಿಗೆ, ಗುರುತಿಲ್ಲದ ಗಿರಾಕಿಗಳಿಗೆ ಆಡುವ ಮಾತು. ಅಷ್ಟು ಮರ್ಯಾದೆಯಿಂದ ಯಾರೂ ನನ್ನ ಕಪಾಳಕ್ಕೆ ಹೊಡೆದಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅರ್ಧ ಮುಚ್ಚಿಟ್ಟೇ ಹೇಳಿದೆ, ಉಳಿದದ್ದನ್ನು ಅವಳೇ ಕೆದಕಿ ತೆಗೆದಳು. "ಅವರಿಗೆ ಹಂಗಂದ್ರಾ?" ಎಂದು ಕೇಳಿದಳು. "ಡಬ್ಬ ಕೆಟ್ರೆ ಇನ್ನೊಂದು ಡಬ್ಬ ಬರ್ತೈತೆ ಕಣ್ರಿ," ಎಂದು ಒಳಗೆ ಹೋದಳು.

ಮರುದಿನ ಆಟೋದಲ್ಲಿ ಕ್ಯಾಬಿನೆಟ್ ತಬ್ಬಿಕೊಂಡು ಹೋದೆ. "ಬರ್ರಿ ಸರ್, ಕುಂತ್ಕಳ್ರಿ," ಎಂದು ಸ್ಟೂಲನ್ನು ಬಟ್ಟೆಯಿಂದ ಒರೆಸಿ ಕೊಟ್ಟ. ನಾನು ಅಲ್ಲಿ ಯಾವತ್ತೂ ಸ್ಟೂಲಿನ ಮೇಲೆ ಕುಳಿತವನಲ್ಲ. ಹಳೆಯ ಬ್ಯಾಟರಿ ಪೆಟ್ಟಿಗೆಯೊಂದನ್ನು ಕಾಲಿಂದ ಎಳೆದುಕೊಂಡು ಕೂರುತ್ತಿದ್ದೆ, ಚಹಾವನ್ನು ಅವನ ಲೋಟದಿಂದಲೇ ಅರ್ಧ ಸುರಿದುಕೊಳ್ಳುತ್ತಿದ್ದೆ. ಒರೆಸಿದ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತೆ.

ಅವನು ಬೇರೇನನ್ನೂ ಮುಟ್ಟದೆ ಮೊದಲು ಕಾರ್ಡನ್ನೇ ಬಿಚ್ಚಿದ. ಅದರ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಹಲ್ಲುಗಳ ಸಾಲು ಇರುತ್ತದೆ. ಮದರ್‌ಬೋರ್ಡಿಗೆ ಕಚ್ಚಿಕೊಳ್ಳುವುದು ಆ ಹಲ್ಲುಗಳೇ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅದನ್ನು ನೋಡಿದ. ಉಗುರಿನಿಂದ ಸ್ವಲ್ಪ ಕೆರೆದ. ಬೆರಳನ್ನು ಬೆಳಕಿಗೆ ಹಿಡಿದ, ಮೂಸಿದ. ಆಮೇಲೆ ಕಾರ್ಡನ್ನು ನನ್ನ ಕಡೆ ತಿರುಗಿಸಿದ. ಬೋರ್ಡಿನ ಮೇಲೆ ಮೂರು ಬೆಳ್ಳನೆಯ ಪಟ್ಟೆಗಳು ಒಣಗಿ ಕುಳಿತಿದ್ದವು. ಪಟ್ಟೆ ಎಳೆದ ಬೆರಳು ಕೊನೆಯಲ್ಲಿ ಜಾರಿ ಹಲ್ಲುಗಳ ಮೇಲೂ ಹೋಗಿತ್ತು. ಅಲ್ಲೂ ಬಿಳಿ ಪುಡಿ ಗಟ್ಟಿಯಾಗಿ ಹಿಡಿದಿತ್ತು.

ಆ ಸೋಮವಾರ ನಾನು ಮಾಡಿದ್ದು ಕಣ್ಣಿಗೆ ಕಟ್ಟಿತು. ಕ್ಯಾಬಿನೆಟ್ ಬರೀ ತಗಡಿನ ಡಬ್ಬ, ಅದಕ್ಕೆ ಹಚ್ಚಿ ಏನು ಬಂತು, ಇದರ ಜೀವ ಇರುವುದು ಕಾರ್ಡಿನಲ್ಲಿ ಎಂದು ಲೆಕ್ಕ ಹಾಕಿ, ವಿಭೂತಿಯನ್ನು ನೀರಲ್ಲಿ ತೇದು ಕಾರ್ಡಿಗೇ ಹಚ್ಚಿದ್ದೆ. ಒಣಗುವ ಮುಂಚೆ ಒತ್ತಿ ಕೂರಿಸಿದ್ದೆ. ಬೂದಿಯಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ ಎನ್ನುವುದಕ್ಕೆ ಎಂಎಸ್ಸಿ ಬೇಕಾಗಿಲ್ಲ. ಕಾರ್ಡು ಬಿಸಿಯಾದಾಗ ಆ ಅರೆಬರೆ ಕಚ್ಚಿದ ಹಲ್ಲುಗಳು ಬಿಟ್ಟುಕೊಳ್ಳುತ್ತಿದ್ದವು, ಪರದೆ ಕಪ್ಪಾಗುತ್ತಿತ್ತು.

"ಇದು ನಮ್ಮೋರು ಹಚ್ಚಾದಲ್ಲ ಸರ್," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

ನನಗೆ ಆ ಸ್ಟೂಲಿನಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಅವನು ಡ್ರಾದಿಂದ ಪೆನ್ಸಿಲ್ ರಬ್ಬರ್ ತೆಗೆದು ಒಂದೊಂದೇ ಹಲ್ಲನ್ನು ಉಜ್ಜಿದ. ಬ್ರಷ್ಷಿನಿಂದ ಪುಡಿ ಕೊಡವಿದ. ಕಾರ್ಡು ಕೂರಿಸಿ, ಎರಡು ಗಂಟೆ ಭಾರದ ಚಿತ್ರಗಳನ್ನೇ ಓಡಿಸಿದ. ಒಮ್ಮೆಯೂ ಕಪ್ಪಾಗಲಿಲ್ಲ.

"ತಪ್ಪಾತು ಕಣೋ," ಎಂದೆ.

"ಗೊತ್ತಾತಲ್ಲ, ಬಿಡ್ರಿ. ಇನ್ಮ್ಯಾಗೆ ಹಚ್ಚಾದಾದ್ರೆ ಡಬ್ಬದ ಮ್ಯಾಲೆ ಹಚ್ರಿ. ಒಳಗೆ ಬ್ಯಾಡ," ಎಂದ. ಕ್ಯಾಬಿನೆಟನ್ನು ತಾನೇ ಎತ್ತಿಕೊಂಡು ಬಂದು ಆಟೋದಲ್ಲಿಟ್ಟ.

ಆಮೇಲೆ ಕಂಪ್ಯೂಟರ್ ಚೆನ್ನಾಗಿಯೇ ಇದೆ. ಎಲೆಕ್ಟ್ರಾನ್‌ಗಳು ನಾನು ಹೇಳಿದ ಕಡೆ ಹೋಗುತ್ತವೆ. ನಾಲ್ಕು ಪಾಠ ಮುಗಿದಿವೆ. ಆದರೆ ನನ್ನ ಚಡಪಡಿಕೆ ನಿಲ್ಲಲಿಲ್ಲ. ಕಪ್ಪಾಗದಿರಲಿ ಎಂದು ಅದರ ಮುಂದೆ ಕೂರುತ್ತಿದ್ದವನು, ಕಪ್ಪಾಗಲಿ ಎಂದು ಕೂರತೊಡಗಿದೆ. ಕೆಟ್ಟರೆ ಹೊತ್ತುಕೊಂಡು ಹೋಗಬಹುದಲ್ಲ. ಒಂದು ಮಧ್ಯಾಹ್ನ ಸ್ಕ್ರೂ ಡ್ರೈವರ್ ಹಿಡಿದು ಕಾರ್ಡಿನ ಒಂದು ಸ್ಕ್ರೂ ಬಿಚ್ಚಿಯೂ ಬಿಟ್ಟಿದ್ದೆ. ಆಗ ಹೊಳೆಯಿತು, ಕೆಟ್ಟ ಮಿಷಿನ್ ಹೊತ್ತುಕೊಂಡು ಹೋದವನು ಅವನಿಗೆ ಗಿರಾಕಿ. ಗಿರಾಕಿಗೆ ಅವನು 'ಬರ್ರಿ' ಅನ್ನದೆ ಇನ್ನೇನು ಅಂದಾನು. ಸ್ಕ್ರೂ ಮತ್ತೆ ಬಿಗಿಮಾಡಿದೆ.

ಬರಿಗೈಯಲ್ಲಿ ಹೋದೆ.

"ಏನು ಕೆಟ್ಟೈತ್ರಿ?" ಎಂದು ಕೇಳಿದ.

"ಏನೂ ಕೆಟ್ಟಿಲ್ಲ. ಸುಮ್ನೆ ಬಂದೆ."

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಿಂತುಕೊಂಡೇ ಹೇಳಿದೆ, "ಅವತ್ತು ನಾನು ತಪ್ಪಾತು ಅಂದಿದ್ದು ಕಾರ್ಡಿಗೆ. ಆ ಇನ್ನೊಂದು ಮಾತಿಗೆ ಅನ್ನಲೇ ಇಲ್ಲ. ಅದಕ್ಕೆ ಬಂದೆ. ನಾಚಿಕೆ ಆಗ್ತೈತೆ ಕಣೋ."

ಬೆಸುಗೆ ಹಾಕುತ್ತಿದ್ದ ಕೈ ನಿಲ್ಲಿಸಿ ಅವನು ನನ್ನನ್ನು ನೋಡಿದ. "ಐವತ್ತು ವರ್ಷ ಆತು ಸರ್ ನಾವಿಬ್ರೂ ಜೊತೆಗೆ ಕುಂತು. ನಿಮಗೆ ನಾನು ಬರೀ ನಾನು ಅಂದ್ಕಂಡಿದ್ದೆ. ನಾನು 'ನಿಮ್ಮೋರು' ಅಂತ ಅವತ್ತೇ ಗೊತ್ತಾಗಿದ್ದು."

ಈಗಲೂ ವಾರಕ್ಕೊಮ್ಮೆ ಬರಿಗೈಯಲ್ಲೇ ಹೋಗುತ್ತೇನೆ. ಅವನು "ಬರ್ರಿ" ಅನ್ನುತ್ತಾನೆ, ನಾನು ಒಳಗೆ ಹೋಗಿ ಕುಳಿತುಕೊಳ್ಳುತ್ತೇನೆ.