ಕೋಡೆದ ಪುಳಿಮುಂಚಿ

ಬುಧವಾರ ಬೆಳಿಗ್ಗೆ ಹತ್ತೂವರೆಗೆ ನಾನು ರೇಷನ್ ಅಂಗಡಿಯಿಂದ ಕುದ್ರೋಳಿಯ ಮನೆಗೆ ಬಂದಾಗ ಮಗಳು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಮೂರನೆಯ ನೀರುದೋಸೆಯನ್ನು ಬಂಗುಡೆಯ ಪುಳಿಮುಂಚಿಯಲ್ಲಿ ಅದ್ದುತ್ತಿದ್ದಳು. ಅವಳು ಆಗ ಏಳು ತಿಂಗಳ ಬಸುರಿ. ಬಜಪೆಯ ಗಂಡನ ಮನೆಯಿಂದ ಹೆರಿಗೆಗೆಂದು ಬಂದು ಹೆಚ್ಚು ದಿನವಾಗಿರಲಿಲ್ಲ. ಸಿಂಕಿನಲ್ಲಿ ಮಣ್ಣಿನ ಪಾತ್ರೆ ಖಾಲಿಯಾಗಿ ಬಿದ್ದಿತ್ತು. ಅದನ್ನು ಕಂಡದ್ದೇ ನಾನು ಕೈಯಲ್ಲಿದ್ದ ಅಕ್ಕಿಯ ಚೀಲವನ್ನು ನೆಲಕ್ಕಿಟ್ಟೆ.

"ಇದು ಯಾವಾಗಿನ ಸಾರು?" ಎಂದು ಕೇಳಿದೆ.

ಕಾವಲಿಯ ಮುಂದೆ ನಿಂತಿದ್ದ ಅತ್ತೆ ತಿರುಗದೆಯೇ ಹೇಳಿದರು: "ಯಾವಾಗಿನದ್ದು ಅಂದ್ರೆ ಎಂತ? ಕೋಡೆದ್ದು."

ಮನೆಯಲ್ಲಿ ನಾವು ತುಳು ಆಡುವವರು. ಕೋಡೆ ಎಂದರೆ ನಿನ್ನೆ. ಅತ್ತೆ ಹುಟ್ಟಿದ್ದು ಕಡಲಿಗೆ ಹೋಗುವವರ ಮನೆಯಲ್ಲಿ. ಅಲ್ಲಿ ಹುಣಸೆ, ಮೆಣಸು ಅರೆದು ತೆಂಗಿನಕಾಯಿ ಇಲ್ಲದೆ ಮಾಡಿದ ಪುಳಿಮುಂಚಿಯನ್ನು ಒಲೆಯ ಬದಿಯಲ್ಲೇ ಇಟ್ಟು ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಕುದಿಸುತ್ತಿದ್ದರಂತೆ. ಮಧ್ಯಾಹ್ನದೊಳಗೆ ಪಾತ್ರೆ ಬರಿದಾಗುತ್ತಿತ್ತು. ಅದಕ್ಕಿಂತ ಹಳೆಯ ಸಾರು ಯಾರ ಮನೆಯಲ್ಲೂ ಇರುತ್ತಿರಲಿಲ್ಲ, ಹಾಗಾಗಿ ಅದಕ್ಕೊಂದು ಹೆಸರೂ ಬೇಕಾಗಲಿಲ್ಲ. ಫ್ರಿಜ್ ಬಂದ ಮೇಲೂ ಅದೇ ಪದ ಉಳಿಯಿತು. ಇವತ್ತು ಮಾಡದ್ದೆಲ್ಲ ಕೋಡೆದ. ಎರಡು ದಿನದ ಹೆಸರುಕಾಳು, ನಾಲ್ಕು ದಿನದ ಕೋಳಿ, ಎಲ್ಲವೂ ಕೋಡೆದ. ಅತ್ತೆಯನ್ನೇ ಯಾಕೆ ಅನ್ನಲಿ, ನಾನೂ ಹಾಗೇ ಹೇಳುತ್ತಿದ್ದೆ.

ಆ ಪುಳಿಮುಂಚಿ ಆದಿತ್ಯವಾರದ್ದು.

ದಿನ ಕಳೆದದ್ದಷ್ಟೇ ಆಗಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಸೋಮವಾರ ಮೊದಲ ಮಳೆಗೆ ರಸ್ತೆಯ ತುದಿಯಲ್ಲಿ ಮರ ಬಿದ್ದು ಹನ್ನೊಂದು ಗಂಟೆಗೆ ಹೋದ ಕರೆಂಟ್ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದಿತ್ತು. ಅಷ್ಟರೊಳಗೆ ತಣ್ಣೀರಿಗೆಂದು, ಮಜ್ಜಿಗೆಗೆಂದು, ಇನ್ನೂ ತಂಪು ಉಂಟಾ ನೋಡಲೆಂದು ನಾವು ಮೂವರೂ ಫ್ರಿಜ್ಜಿನ ಬಾಗಿಲು ಎಷ್ಟು ಸಲ ತೆರೆದೆವೋ. ಮೇಲಿನ ಮಂಜೆಲ್ಲ ಕರಗಿ ತರಕಾರಿ ಟ್ರೇಯಲ್ಲಿ ನೀರು ನಿಂತಿತ್ತು. ಸಂಜೆ ಒರೆಸುವಾಗ ಮಣ್ಣಿನ ಪಾತ್ರೆಯನ್ನು ಮುಟ್ಟಿ ನೋಡಿದೆ. ತಂಪು ಇರಲಿಲ್ಲ. ಎಸೆಯಬೇಕು ಎಂದು ಆಗಲೇ ಅನಿಸಿತು. ಆದರೆ ಅದರಲ್ಲಿ ಐದು ಬಂಗುಡೆ ಇದ್ದವು. ಬೋಟುಗಳೆಲ್ಲ ದಡಕ್ಕೆ ಬಂದು ಮೀನುಗಾರಿಕೆ ನಿಂತ ದಿನಗಳವು. ಇನ್ನೆರಡು ತಿಂಗಳು ಅಂಥ ಮೀನು ಸಿಗುವುದಿಲ್ಲ. ಅತ್ತೆಯ ಎದುರು ಮೀನನ್ನು ಕಸದ ಬಕೆಟಿಗೆ ಸುರಿಯುವುದು ನನ್ನಿಂದಾಗದ ಕೆಲಸ. ಅವರು ದೇವಸ್ಥಾನಕ್ಕೆ ಹೋದಾಗ ಎಸೆದರಾಯಿತು ಎಂದುಕೊಂಡು ಪಾತ್ರೆಯನ್ನು ಹಿಂದಕ್ಕೆ ತಳ್ಳಿದೆ. ಮಂಗಳವಾರ ಇಡೀ ದಿನ ಮಳೆ. ಅತ್ತೆ ಹೊರಗೆ ಹೋಗಲಿಲ್ಲ.

"ಮಾಮಿ, ಅದು ಕೋಡೆದ್ದಲ್ಲ," ಎಂದೆ.

"ಹುಳಿ ಹಾಕಿದ ಸಾರು ಹಾಳಾಗ್ತದಾ? ಮೂರು ಕುದಿ ಕುದಿಸಿದ್ದೇನೆ. ವಾಸನೆ ಉಂಟಾ ನೋಡು ಬೇಕಾದ್ರೆ."

ಮಗಳ ತಟ್ಟೆಯ ಮೇಲೆ ಬಗ್ಗಿ ಮೂಸಿದೆ. ಹುಣಸೆ, ಬೆಳ್ಳುಳ್ಳಿಯ ಪರಿಮಳ, ಎಂದಿನಂತೆ. ಅದರ ಮರೆಯಲ್ಲಿ ಏನಿದ್ದರೂ ಮೂಗಿಗೆ ತಿಳಿಯುವಂತಿರಲಿಲ್ಲ.

"ಅಮ್ಮಾ, ನಿನ್ನ ಮುಖ ಎಂತ ಮಾರಾಯ್ತಿ, ಐಸಿನಲ್ಲಿಟ್ಟ ಮೀನಿನ ಹಾಗೆ," ಎಂದು ಮಗಳು ನಕ್ಕಳು. "ಬಜಪೆಯಲ್ಲಿ ಇಂಥ ಸಾರು ಕನಸಲ್ಲೂ ಇಲ್ಲ. ತಿನ್ನಲಿಕ್ಕೆ ಬಿಡು."

ನಾನು ತಟ್ಟೆ ಎಳೆದುಕೊಂಡೆ. ಕೊನೆಯ ತುಂಡನ್ನು ಅವಳು ಅಷ್ಟರಲ್ಲಿ ಬಾಯಿಗೆ ಹಾಕಿಕೊಂಡಾಗಿತ್ತು. ಸೋಮವಾರದ ವಿಷಯ ಹೇಳಿದರೆ ಹೆದರುತ್ತಾಳೆ. ಹೆದರಿಕೆಗೇ ವಾಂತಿ ಮಾಡಿಯಾಳು. ಏನೂ ಆಗದಿದ್ದರೆ ಸುಮ್ಮನೆ ಹೆದರಿಸಿದ ಹಾಗಾಗುತ್ತದೆ. ಹೀಗೆ ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡೆ. ಅಕ್ಕಿ ಡಬ್ಬಕ್ಕೆ ತುಂಬಿದೆ, ಬಟ್ಟೆ ಮಡಚಿದೆ, ಗಡಿಯಾರ ನೋಡಿದೆ. ಅತ್ತೆ ನನ್ನ ಹಿಂದೆ ಹಿಂದೆಯೇ ಬಂದು ತಗ್ಗಿದ ದನಿಯಲ್ಲಿ, "ನಾನು ಅವಳಿಗೆ ವಿಷ ಹಾಕಿದ ಹಾಗೆ ನೋಡ್ತೀಯಲ್ಲ ನೀನು," ಎಂದರು. ನಾನು ಪುನಃ ಗಡಿಯಾರ ನೋಡಿದೆ.

ಒಂದೂವರೆಗೆ ಮಗಳು ಊಟ ಬೇಡವೆಂದಳು. ಎರಡಕ್ಕೆ ಮೊದಲ ವಾಂತಿ. ಆಮೇಲೆ ಬಚ್ಚಲಿನಿಂದ ಹೊರಗೆ ಬರುವುದೇ ಕಷ್ಟವಾಯಿತು. ಉಪ್ಪು ಸಕ್ಕರೆ ಹಾಕಿದ ನೀರನ್ನು ಚಮಚ ಚಮಚವಾಗಿ ಕೊಟ್ಟೆ. ಅದೂ ಹೊರಗೆ ಬಂತು. ಮೂರು ಗಂಟೆಗೆ ಅವಳು ಗೋಡೆ ಹಿಡಿದು ನಿಂತು ಹೇಳಿದಳು: "ಅಮ್ಮಾ, ಹೊಟ್ಟೆ ಆಗಾಗ ಕಲ್ಲಿನ ಹಾಗೆ ಗಟ್ಟಿಯಾಗ್ತದೆ. ಆಮೇಲೆ ಬಿಡ್ತದೆ. ಮಗು ಬೆಳಿಗ್ಗೆಯಿಂದ ಒದ್ದದ್ದೂ ಕಡಿಮೆ."

ಏಳು ತಿಂಗಳಿಗೆ ಹೊಟ್ಟೆ ಹಾಗೆ ಬಿಗಿಯಬಾರದು. ಆಟೋ ಕರೆದೆ. ಅತ್ತೆ ಸೀರೆ ಕೂಡ ಬದಲಿಸದೆ ನಮ್ಮೊಂದಿಗೆ ಹತ್ತಿದರು. ಮಳೆಗೆ ಆಟೋದವನು ಎರಡೂ ಬದಿಗೆ ಟಾರ್ಪಾಲು ಇಳಿಸಿದ್ದ. ಒಳಗೆ ಮೂವರ ಉಸಿರು, ವಾಂತಿ ಬಂದರೆಂದು ಮಗಳ ಕೈಯಲ್ಲೊಂದು ಪ್ಲಾಸ್ಟಿಕ್ ತೊಟ್ಟೆ. ಹೊಂಡ ಸಿಕ್ಕಿದಾಗಲೆಲ್ಲ ಅವಳು ನನ್ನ ಮೊಣಕೈ ಹಿಡಿಯುತ್ತಿದ್ದಳು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿದ ಡಾಕ್ಟರಮ್ಮ ಕೇಳಿದರು: "ಎಂತ ತಿಂದದ್ದು? ಯಾವಾಗ ಮಾಡಿದ್ದು?"

"ಬಂಗುಡೆ ಸಾರು. ನಿನ್ನೆಯದ್ದು," ಎಂದರು ಅತ್ತೆ. ಸುಳ್ಳು ಹೇಳಿದ್ದಲ್ಲ. ಅವರ ಬಾಯಲ್ಲಿ ಕೋಡೆದ ಕನ್ನಡಕ್ಕೆ ತಿರುಗಿ ನಿನ್ನೆಯದ್ದು ಆಯಿತು, ಅಷ್ಟೆ.

ಡಾಕ್ಟರಮ್ಮ ಅದನ್ನೇ ಬರೆಯತೊಡಗಿದರು. ಅತ್ತೆಯ ಎದುರು, ಮಗಳ ಎದುರು ನಾನು ಬಾಯಿ ತೆರೆಯಲೇಬೇಕಾಯಿತು.

"ನಿನ್ನೆಯದ್ದಲ್ಲ ಡಾಕ್ಟ್ರೇ. ಆದಿತ್ಯವಾರದ್ದು. ಸೋಮವಾರ ಏಳೆಂಟು ಗಂಟೆ ಕರೆಂಟ್ ಇರ್ಲಿಲ್ಲ. ಸಂಜೆ ನೋಡುವಾಗ ಪಾತ್ರೆ ತಂಪು ಇರ್ಲಿಲ್ಲ. ನನಗೆ ಗೊತ್ತಿತ್ತು. ಎಸೆಯಲಿಲ್ಲ."

ಮಗಳು ದಿಂಬಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು.

"ಚೆನ್ನಾಗಿ ಕುದಿಸಿದ್ದೇನೆ ನಾನು," ಎಂದರು ಅತ್ತೆ, ಅರ್ಧ ದನಿಯಲ್ಲಿ.

"ಕುದಿಸಿದ್ದು ಒಳ್ಳೆಯದೇ ಅಜ್ಜಿ. ಕ್ರಿಮಿ ಸಾಯ್ತದೆ. ಆದ್ರೆ ಕೆಲವು ಕ್ರಿಮಿ ಸಾಯುವ ಮೊದಲೇ ವಿಷ ಬಿಟ್ಟಿರ್ತದೆ, ಅದು ಎಷ್ಟು ಕುದಿಸಿದ್ರೂ ಹೋಗುದಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಫ್ರಿಜ್ಜಿನದ್ದು ಬೇರೆ ಎಂತ ತಿಂದಿದ್ದಾಳೆ ಈ ವಾರ? ಬಿಸಿ ಮಾಡದ್ದು?"

ಮೊಸರು, ಹೆಚ್ಚಿಟ್ಟ ಪಪ್ಪಾಯಿ, ಮಂಗಳವಾರ ತಣ್ಣಗೇ ತಿಂದ ಅರ್ಧ ತುಂಡು ಕೇಕು. ನೆನಪಾದದ್ದೆಲ್ಲ ಹೇಳಿದೆ. ನನ್ನ ಅಡುಗೆಮನೆಯನ್ನು ಅಷ್ಟು ಜನರ ಎದುರು ಬಿಚ್ಚಿಟ್ಟದ್ದು ಅದೇ ಮೊದಲು. ತಂಪಿನಲ್ಲೂ ನಿಧಾನವಾಗಿ ಬೆಳೆಯುವ ಒಂದು ಜಾತಿಯ ಕ್ರಿಮಿ ಉಂಟು, ಬಸುರಿಯರಿಗೆ ಅದೇ ಅಪಾಯ, ತಾಯಿಗೆ ಬರೀ ಜ್ವರ ಬಂದು ಹೋದರೂ ಮಗುವಿಗೆ ಮುಟ್ಟಬಹುದು, ಎಂದು ಅವರು ವಿವರಿಸಿದರು. ಆಮೇಲೆ ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ಕೇಳುವ ಯಂತ್ರ ಹಚ್ಚಿದರು. ಮೊದಲು ಬರೀ ಗರಗರ ಸದ್ದು. ನರ್ಸ್ ಅದನ್ನು ಅಲ್ಲಿ ಇಲ್ಲಿ ಸರಿಸಿದಳು. ಅಷ್ಟು ಹೊತ್ತು ಅತ್ತೆ ಮಂಚದ ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಆಮೇಲೆ ಓಡುವ ಕುದುರೆಯ ಹಾಗೆ ಸದ್ದು ಬಂತು, ಟಕಟಕಟಕ ಎಂದು.

"ಉಂಟು," ಎಂದಳು ನರ್ಸ್.

ಹೊಟ್ಟೆಯ ಬಿಗಿತ ನಿಲ್ಲಲು ಮರುದಿನ ಬೆಳಿಗ್ಗೆಯಾಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಒಂದೇ ಮಾತು ಹೇಳಿದರು: ಇದು ಇವತ್ತಿಗೆ ಮುಗಿಯಿತು ಎಂದುಕೊಳ್ಳಬೇಡಿ, ಆ ಇನ್ನೊಂದು ಕ್ರಿಮಿ ಹೊಟ್ಟೆಗೆ ಹೋಗಿದ್ದರೆ ವಾರಗಳ ನಂತರವೂ ತೋರಿಸಿಕೊಳ್ಳಬಹುದು, ಸಣ್ಣ ಜ್ವರ ಬಂದರೂ ಬಂದುಬಿಡಿ.

ಕಾರಿಡಾರಿನಲ್ಲಿ ಅತ್ತೆ ನನ್ನ ಪಕ್ಕ ನಡೆಯುತ್ತ ಹೇಳಿದರು: "ಸೋಮವಾರವೇ ನನಗೆ ಹೇಳ್ಬಹುದಿತ್ತು ನೀನು. ನಾನೆಂತ ಹುಲಿಯಾ?"

"ಮೀನು ಎಸೆದ್ರೆ ಹುಲಿಯೇ ಮಾಮಿ."

ಅವರು ನಗಲಿಲ್ಲ. ನಾನೂ ನಗಲಿಲ್ಲ.

ಅಲ್ಲಿಂದ ಮುಂದಿನ ಒಂಬತ್ತು ವಾರ ಮಗಳು ಏಳುವ ಮೊದಲೇ ನಾನು ಅವಳ ಹಣೆ ಮುಟ್ಟುತ್ತಿದ್ದೆ, ಆಮೇಲೆ ಥರ್ಮಾಮೀಟರ್. ಅವಳಿಗೆ ಸಿಟ್ಟು ಬರುತ್ತಿತ್ತು. ಸಂಜೆ ಅತ್ತೆ ತಮ್ಮ ಸರದಿಯಲ್ಲಿ ಮುಟ್ಟುತ್ತಿದ್ದರು, ನನ್ನ ಅಳತೆಯ ಮೇಲೆ ನಂಬಿಕೆ ಸಾಲದವರ ಹಾಗೆ. ಒಮ್ಮೆ ಬಿಸಿ ಚಹಾ ಕುಡಿದ ಕೂಡಲೇ ನೋಡಿದ್ದಕ್ಕೆ ಪಾದರಸ ನೂರು ದಾಟಿತು. ಅರ್ಧ ಗಂಟೆ ಬಿಟ್ಟು ಪುನಃ ನೋಡುವವರೆಗೆ ನಾವಿಬ್ಬರೂ ಮಗಳ ಎದುರೇ ಕುಳಿತಿದ್ದೆವು.

ಹೆರಿಗೆಯ ದಿನ ಮಧ್ಯಾಹ್ನ ನರ್ಸ್ ಬಾಗಿಲು ತೆರೆದು ಬಿಳಿ ಬಟ್ಟೆಯ ಗಂಟಿನೊಂದಿಗೆ ಹೊರಗೆ ಬಂದಾಗ ಮೊದಲು ಎದ್ದವರು ಅತ್ತೆ. ಗಂಡೋ ಹೆಣ್ಣೋ ಎಂದು ಅವರು ಕೇಳಲಿಲ್ಲ.

"ಜ್ವರ ಉಂಟಾ?" ಎಂದು ಕೇಳಿದರು.

"ಎಂತ ಜ್ವರ ಅಜ್ಜಿ? ಇಬ್ರಿಗೂ ಇಲ್ಲ."

ಅತ್ತೆ ಬೆಂಚಿನ ಮೇಲೆ ಕುಳಿತುಕೊಂಡರು. ಮಗುವನ್ನು ನೋಡಲು ಅವರಿಗೆ ಆಮೇಲೆ ಸ್ವಲ್ಪ ಹೊತ್ತು ಬೇಕಾಯಿತು.