ಎರೆಮಣ್ಣಿನಲ್ಲಿ ಎಳೆದ ಕಂಬ

ಇಬ್ರಾಹಿಂಪಟ್ನಂ ಆಚೆಯ ಎರೆಭೂಮಿಯಲ್ಲಿ ನಮ್ಮ ಕಂಪನಿ ಸೋಲಾರ್ ಫಲಕಗಳನ್ನು ನಿಲ್ಲಿಸುತ್ತಿತ್ತು. ನಾನು ಅಲ್ಲಿನ ಸೈಟ್ ಇಂಜಿನಿಯರ್. ವಿಜಯವಾಡದಲ್ಲಿ ಬಾಡಿಗೆ ಮನೆ. ಫಲಕಗಳಡಿಯ ಕಂಬಗಳು ಸ್ಕ್ರೂ ಪೈಲ್‌ಗಳು: ತುದಿಯಲ್ಲಿ ತಿರುಪಿನ ಅಲಗಿರುವ ಕಬ್ಬಿಣದ ಕೊಳವೆಗಳು, ಮಣ್ಣಿಗೆ ತಿರುವಿ ಇಳಿಸುವಂಥವು. ಗಾಳಿ ಫಲಕವನ್ನು ಮೇಲಕ್ಕೆತ್ತುವಾಗ ಅಲಗಿನ ಮೇಲಿನ ಮಣ್ಣೇ ಕಂಬವನ್ನು ಹಿಡಿದಿರಬೇಕು. ಎರೆಮಣ್ಣೋ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮಳೆಗೆ ಉಬ್ಬಿ ಕಂಬವನ್ನೇ ಮೇಲಕ್ಕೆ ದೂಡುತ್ತದೆ.

ಮಳೆ ಹಿಡಿದ ಮೇಲೆ ಒಂದು ಕಂಬಕ್ಕೆ ಜ್ಯಾಕ್ ಹಾಕಿ ಎಳೆದು ನೋಡಿದೆವು. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಧಾರವಾಡದ ಕಡೆಯವರಾದ ನಮ್ಮ ಮ್ಯಾನೇಜರು ತಾವೇ ಆರಿಸಿದ್ದ ಆ ಕಂಬದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ನನಗೆ ನಂಬಿಕೆ ಬರಲಿಲ್ಲ. ಅವರು ಕಾರಿನತ್ತ ಹೋದಾಗ ಹಾರೆಯಿಂದ ಕಂಬದ ಬುಡ ಕೆದಕಿದೆ. ಗೇಣುದ್ದ ಕಪ್ಪು ಮಣ್ಣಿನ ಕೆಳಗೆ ಠಣ್ ಎಂದಿತು. ಕಾಂಕ್ರೀಟು! ಉಳಿದ ಕಂಬಗಳನ್ನೆಲ್ಲ ಬರೀ ಮಣ್ಣಿಗೆ ಇಳಿಸಿದ್ದೆವು.

"ಸರ್, ಇದೇನಿದು?"

ಅವರು ಬಾನೆಟ್ ಮೇಲೆ ಡಬ್ಬಿ ಬಿಚ್ಚಿ ಮೊಸರನ್ನ ಕಲಸುತ್ತಿದ್ದರು. "ಅದನ್ಯಾಕ ಕೆದರಾಕ ಹತ್ತೀರಿ ಮೇಡಂ? ಟೆಸ್ಟ್ ಪಾಸ್ ಆತು. ಪರವಾಲೇದು, ಏನೂ ಆಗಂಗಿಲ್ಲ, ಊಟಾ ಮಾಡ್ರಿ."

"ಗಾಳಿಗೆ ಫಲಕ ಕಿತ್ಕೊಂಡು ಯಾರ ಮೇಲಾದ್ರೂ ಬಿದ್ರೆ?"

"ಅಷ್ಟೊತ್ತಿಗೆ ನೀವೆಲ್ಲೋ, ನಾನೆಲ್ಲೋ!"

ಬೆರಳು ನೆಕ್ಕುತ್ತ ನಕ್ಕರು. ನನ್ನ ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ಒಯ್ದೆ.

ಅಂದೇ ಸಂಜೆ ವಿಶಾಖಪಟ್ಟಣದ ಕಚೇರಿಯ ಹಿರಿಯ ಇಂಜಿನಿಯರಿಗೆ ಫೋನ್ ಮಾಡಿದೆ. ಆಕೆ ತೆಲುಗಿನವರು, ಮಿತಭಾಷಿ. ಏನನ್ನೂ ಮುಟ್ಟಬೇಡಿ, ನಾನೇ ಬರುತ್ತೇನೆ ಎಂದರು. ಬಂದವರು ಸೈಟಿನಲ್ಲಿ ಅಡ್ಡಾಡಿ, ತಮಗೆ ತೋಚಿದ ಕಂಬವೊಂದನ್ನು ತೋರಿಸಿದರು. ಜ್ಯಾಕ್ ಏರುತ್ತಿದ್ದಂತೆ ಅದು ಕೆಸರು ಮೆತ್ತಿಕೊಂಡು ಪಚಪಚನೆ ಮೇಲೆದ್ದು ಬಂತು.

"ಅಯ್ಯ, ಹಿಂಗ್ಯಾಕಾತು!" ಎಂದು ಮ್ಯಾನೇಜರು ಕಣ್ಣರಳಿಸಿದರು. ಅದನ್ನು ಕಂಡು ನನಗೆ ಇನ್ನಷ್ಟು ಹೇಸಿಗೆಯಾಯಿತು.

ಕಂಬಗಳನ್ನೆಲ್ಲ ಕಿತ್ತು, ಮಣ್ಣು ಉಬ್ಬದಷ್ಟು ಆಳಕ್ಕೆ ಅಲಗು ಹೋಗುವಂತೆ ಉದ್ದನೆಯವನ್ನು ಇಳಿಸಿದೆವು. ಮಳೆಗಾಲವೆಲ್ಲ ಅದೇ ಕೆಲಸ. ಆಮೇಲೆ ಬಂದ ಬಿರುಗಾಳಿಗಳಿಗೆ ಒಂದು ಫಲಕವೂ ಕದಲಲಿಲ್ಲ.

ಮ್ಯಾನೇಜರಿಗೆ ಏನೂ ಆಗಲಿಲ್ಲ. ಮುಂದಿನ ವರ್ಷ ತರಬೇತಿಗೆಂದು ವಿಶಾಖಪಟ್ಟಣಕ್ಕೆ ಹೋದರೆ, ಹೊಸಬರಿಗೆ ಪ್ರಾಮಾಣಿಕತೆಯ ಪಾಠ ಹೇಳುತ್ತಿದ್ದವರು ಅವರೇ. ಈಗ ಗುಣಮಟ್ಟ ವಿಭಾಗದ ಮುಖ್ಯಸ್ಥರಂತೆ. ನನ್ನನ್ನು ಕಂಡದ್ದೇ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು, ಪಕ್ಕದವರಿಗೆ ತೆಲುಗಿನಲ್ಲಿ, ಈಕೆ ನನ್ನ ಕೈಕೆಳಗೆ ಕೆಲಸ ಕಲಿತವಳು ಎಂದರು. ಮತ್ತೆ ನನ್ನತ್ತ ತಿರುಗಿ, "ಹೌದಲ್ರೀ ಮೇಡಂ?" ಎಂದರು.

"ಇಲ್ಲ ಸರ್" ಎಂದೆ. ಆ ಕೈಯನ್ನು ಸರಿಸಿ, ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.