ಹೊಸ್ತಿಲಲ್ಲಿ ಕೂತ ಟೀಚರ್

ಟೀಚರ್ ಅವರ ಬಲಗೈಯ ಕಿರುಬೆರಳು ನಡುಗೆಣ್ಣಿನಿಂದಾಚೆ ಹೊರಗಡೆಗೆ ತಿರುಗಿಕೊಂಡಿತ್ತು. ಕಾಲೇಜಿನ ದಿನಗಳಲ್ಲಿ ಥ್ರೋಬಾಲ್ ಮ್ಯಾಚಿನಲ್ಲಿ ಮುರಿದದ್ದು. ಆಟ ಮುಗಿಯುವವರೆಗೆ ಯಾರಿಗೂ ಹೇಳಿರಲಿಲ್ಲವಂತೆ. ಆಮೇಲೆ ಅದು ಸೊಟ್ಟಗೇ ಕೂಡಿಕೊಂಡು, ಮಡಚಲು ಬಾರದೆ ಉಳಿದುಹೋಯಿತು. ಅವರು ಯಾರನ್ನಾದರೂ ಗದರಿಸಲು ಕೈ ಎತ್ತಿದರೆ ತೋರುಬೆರಳು ತಪ್ಪು ಮಾಡಿದವರ ಕಡೆಗೂ ಕಿರುಬೆರಳು ಪಕ್ಕದಲ್ಲಿ ಸುಮ್ಮನೆ ನಿಂತವರ ಕಡೆಗೂ ತಿರುಗಿರುತ್ತಿತ್ತು. ಹಾಗಾಗಿ ಅವರೆದುರು ಎಲ್ಲರೂ ಸ್ವಲ್ಪ ಎಚ್ಚರದಿಂದಲೇ ನಿಲ್ಲುತ್ತಿದ್ದರು.

ಉಡುಪಿ ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ನಿವೃತ್ತರಾಗಿ, ಗಂಡ ತೀರಿಕೊಂಡ ಮೇಲೆ, ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿದ್ದ ಮಗನ ಮನೆಗೆ ಬಂದು ಇಲ್ಲಿಯ ಪ್ರಜೆಯೇ ಆಗಿಬಿಟ್ಟಿದ್ದರು. ಮಗನಿಗೆ ಸಿಡ್ನಿಯಲ್ಲಿ ಕೆಲಸವಾಗಿ ಅವನು ಪ್ಯಾರಮಟ್ಟಾದಲ್ಲಿ ಅಪಾರ್ಟ್‌ಮೆಂಟ್ ಹಿಡಿದಾಗ ಇವರು ಜೊತೆಗೆ ಹೋಗಲಿಲ್ಲ. "ಆಕಾಶದಲ್ಲಿ ಮನೆ. ಕಾಲಿಡ್ಲಿಕ್ಕೆ ನೆಲ ಇಲ್ಲ. ನೀನು ಹೋಗು, ನಾನು ಬರುದಿಲ್ಲ" ಎಂದರಂತೆ. ಅಮ್ಮ ಒಬ್ಬರೇ ಇರಬಾರದೆಂದು ಮಗ ಒಂದು ರೂಮನ್ನು ಬಾಡಿಗೆಗೆ ಕೊಟ್ಟ. ಆ ರೂಮಿಗೆ ಬಂದವಳು ನಾನು.

ನಾನು ತುಮಕೂರಿನವಳು. ಬೆಂಗಳೂರಿನಲ್ಲಿ ಕೆಲಸ, ಮದುವೆ, ಡಿವೋರ್ಸ್ ಎಲ್ಲವನ್ನೂ ಬೇಗಬೇಗ ಮುಗಿಸಿಕೊಂಡು ಸ್ಕಿಲ್ಡ್ ವೀಸಾದಲ್ಲಿ ಬಂದಿದ್ದೆ. ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು, "ನಮಸ್ತೆ ಆಂಟಿ" ಎಂದೆ.

"ಆಂಟಿ ಅಂದ್ರೆ ಟ್ರೇನಲ್ಲಿ ಸಿಕ್ಕಿದವರೆಲ್ಲ ಆಂಟಿ. ನನ್ನನ್ನು ಟೀಚರ್ ಅಂತ ಕರಿ" ಎಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತ, ಯಾರೋ ಬೈದ ಹಾಗೆ ನಿಂತಿದ್ದೀಯಲ್ಲ? ಬೆನ್ನು ನೇರ ಮಾಡು" ಎಂದು ಸೇರಿಸಿದರು.

ಬೆಳಿಗ್ಗೆ ಹಿತ್ತಲಿನಲ್ಲಿ ಅವರ ಕಸರತ್ತು. ಸೊಂಟದ ಮೂಳೆಯ ಆಪರೇಷನ್ ಆಗಿದ್ದರೂ ಬಿಟ್ಟಿರಲಿಲ್ಲ. ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಕೈ ಮೇಲೆತ್ತಿ ನಿಂತಾಗ ನಾನು ಉಸಿರು ಬಿಗಿಹಿಡಿದರೆ, "ಬಿಡು ಮಾರಾಯ್ತಿ, ಉಸಿರು ಬಿಡು. ಉಸಿರು ಕಟ್ಟಿಕೊಂಡು ಬದುಕ್ಲಿಕ್ಕೆ ಆಗ್ತದಾ?" ಎನ್ನುತ್ತಿದ್ದರು.

ಕನ್ನಡದವರ ಹಬ್ಬದ ಊಟಗಳಿಗೆ ನಾನು ಹೋಗುತ್ತಿರಲಿಲ್ಲ. ಅಲ್ಲಿ ಮೊದಲ ಪ್ರಶ್ನೆ ಯಾವ ಸಬರ್ಬ್ ಎಂದಾದರೆ ಎರಡನೆಯದು ಹಸ್ಬೆಂಡ್ ಎಲ್ಲಿ ಕೆಲಸ ಎಂಬುದು. ಒಂದು ಯುಗಾದಿಗೆ ಟೀಚರ್ ಬಲವಂತವಾಗಿ ಕರೆದುಕೊಂಡು ಹೋದರು. ಪಾಯಸ ಬಡಿಸುತ್ತಿದ್ದ ಹೆಂಗಸು ಸೌಟನ್ನು ನನ್ನ ಎಲೆಯ ಮೇಲೆ ಹಿಡಿದೇ ಕೇಳಿದಳು. "ಒಬ್ರೇ ಬಂದ್ರಾ? ಹಸ್ಬೆಂಡ್ ಬರ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಟೀಚರ್ ಅಂದರು: "ಹಸಿವಾದದ್ದು ಇವಳಿಗೆ. ಇವಳು ಬಂದಿದ್ದಾಳೆ. ನೀವು ಬಡಿಸಿ."

ಇಡೀ ಸಾಲಿಗೆ ಕೇಳಿಸಿತು. ಮೈದಾನದ ಆ ತುದಿಗೆ ತಲುಪುವಂತೆ ಪಳಗಿದ ದನಿಯಲ್ಲವೇ ಅದು. ನನ್ನ ಎಲೆಗೆ ಎರಡು ಸೌಟು ಪಾಯಸ ಬಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಇಟಲಿಯ ಅಜ್ಜಿ ಇದ್ದರು. ಮೊಮ್ಮಕ್ಕಳು ಅವರನ್ನು ನೋನಾ ಎನ್ನುತ್ತಿದ್ದರಿಂದ ನಾವೂ ಹಾಗೇ ಕರೆಯುತ್ತಿದ್ದೆವು. ಬೇಲಿಯ ಆಚೆಯಿಂದ ಟೊಮೇಟೊ, ಈಚೆಯಿಂದ ಬಸಳೆ. ಇಬ್ಬರದೂ ಮುರುಕು ಇಂಗ್ಲಿಷ್, ಆದರೆ ಮಾತಿಗೆ ಕೊನೆಯಿಲ್ಲ. ನೋನಾ ಹುಟ್ಟಿದ್ದು ಇಟಲಿಯ ದಕ್ಷಿಣದ ಕಲಾಬ್ರಿಯಾದಲ್ಲಿ, ಗುಡ್ಡದ ನೆತ್ತಿಯ ಒಂದು ಸಣ್ಣ ಊರಿನಲ್ಲಿ. ಅಪ್ಪ ಗೊತ್ತುಮಾಡಿದ್ದ ಹುಡುಗನನ್ನು ಬಿಟ್ಟು, ತಾನು ಮೆಚ್ಚಿದ ಗಾರೆ ಕೆಲಸದವನ ಜೊತೆ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದುಬಿಟ್ಟಿದ್ದರು. ಈ ಮನೆಯ ಬಾಗಿಲು ನಿನಗೆ ಮುಚ್ಚಿತು ಎಂದು ಅಪ್ಪ ಹೇಳಿದ. ಅಮ್ಮ ಸತ್ತದ್ದು ಕೂಡ ವರ್ಷ ಕಳೆದ ಮೇಲೆ ಬೇರೆ ಯಾರಿಂದಲೋ ತಿಳಿಯಿತು. ಈಗ ಆ ಮನೆಯಲ್ಲಿದ್ದವನು ತಮ್ಮ. ಫೋನಿನಲ್ಲಿ ಅಕ್ಕನ ದನಿ ಕೇಳಿದರೆ ಸಾಕು, ಇಟ್ಟುಬಿಡುತ್ತಿದ್ದ.

ಒಂದು ದಿನ ನೋನಾ ಬೇಲಿ ಹಿಡಿದುಕೊಂಡು ಅತ್ತರು. ಸಾಯುವುದರೊಳಗೆ ಅಮ್ಮನ ಸಮಾಧಿ ನೋಡಬೇಕು, ತಮ್ಮ ಬರಬೇಡ ಎನ್ನುತ್ತಾನೆ ಎಂದರು.

"ಬೇಡ ಅನ್ಲಿಕ್ಕೆ ಅವನು ಯಾರು? ಊರು ಅವನ ಅಪ್ಪನದ್ದಾ?" ಎಂದು ಟೀಚರ್ ನನ್ನ ಕಡೆ ತಿರುಗಿದರು. ಒಂದು ಕ್ಷಣ ಯೋಚಿಸಿ, "ಆಗ್ಲಿ, ಅವನ ಅಪ್ಪನದ್ದೇ ಅಂತ ಇಟ್ಟುಕೊಳ್ಳುವ. ಇವಳಿಗೂ ಅಪ್ಪ ಅವನೇ ಅಲ್ವಾ?" ಎಂದರು.

ಹೊರಡುವುದೆಂದು ಆ ಬೇಲಿಯ ಬಳಿಯೇ ತೀರ್ಮಾನವಾಯಿತು. ಎರಡೂ ಮನೆಯ ಮಕ್ಕಳು ಹೌಹಾರಿದರು. ನೋನಾಳ ಮಗಳು ಬಂದು ಅಮ್ಮನ ಹೃದಯದ ಮಾತ್ರೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ತೋರಿಸಿದಳು. ಟೀಚರ್ ಮಗ ಸಿಡ್ನಿಯಿಂದ ವಿಡಿಯೊ ಕಾಲ್ ಮಾಡಿ, ನಾನೂ ಎದುರಿಗಿದ್ದುದರಿಂದ ತುಳು ಬಿಟ್ಟು ಕನ್ನಡದಲ್ಲಿ ಕೂಗಾಡಿದ. "ಅಮ್ಮಾ, ನಿಂಗೆ ಹಿಪ್ ಆಪರೇಷನ್ ಆಗಿದೆ. ಅಲ್ಲಿ ಬಿದ್ರೆ ಯಾರು ನೋಡ್ಕೊಳ್ತಾರೆ? ಅವ್ರ ಫ್ಯಾಮಿಲಿ ಪ್ರಾಬ್ಲಮ್, ನಿಂಗ್ಯಾಕೆ?"

"ಬಿದ್ರೆ ಏಳ್ತೇನೆ. ಮಕ್ಕಳಿಗೆ ಅಷ್ಟು ವರ್ಷ ಕಲಿಸಿದ್ದು ಅದನ್ನೇ" ಎಂದು ಟೀಚರ್ ಫೋನ್ ಇಟ್ಟರು. "ನಿಂಗೆ ಲೀವ್ ಉಂಟಲ್ಲ, ನೀನೂ ಬಾ" ಎಂದು ನನಗೆ ಅಪ್ಪಣೆಯಾಯಿತು. ನನ್ನ ಇಂಡಿಯನ್ ಪಾಸ್‌ಪೋರ್ಟಿಗೆ ವೀಸಾ ಬರುವವರೆಗೆ ಇಬ್ಬರೂ ಕಾದರು.

ರೋಮಿನಲ್ಲಿ ಇಳಿದು, ಸಮುದ್ರದ ದಡಕ್ಕೆ ಅಂಟಿಕೊಂಡೇ ಹೋಗುವ ರೈಲಿನಲ್ಲಿ ದಕ್ಷಿಣಕ್ಕೆ ಸಾಗಿ, ಕೊನೆಗೆ ಆಲಿವ್ ತೋಪುಗಳ ನಡುವೆ ಸುತ್ತಿ ಸುತ್ತಿ ಹತ್ತುವ ಬಸ್ಸಿನಲ್ಲಿ ಆ ಊರು ಸೇರಿದೆವು. ಬೀದಿಗಳೆಂದರೆ ಕಲ್ಲಿನ ಮೆಟ್ಟಿಲುಗಳೇ. ಅರ್ಧಕ್ಕರ್ಧ ಮನೆಗಳಿಗೆ ಬೀಗ. ಬಾಲ್ಕನಿಗಳಲ್ಲಿ ದಾರಕ್ಕೆ ಪೋಣಿಸಿದ ಕೆಂಪು ಮೆಣಸಿನಕಾಯಿ ಒಣಗುತ್ತಿತ್ತು. ಚರ್ಚಿನೆದುರಿನ ಕಾಫಿ ಅಂಗಡಿಯ ಹೊರಗೆ ಮುದುಕರು ಕುರ್ಚಿ ಹಾಕಿಕೊಂಡು ಕೂತಿದ್ದರು. ಹತ್ತಿಸೀರೆ ಉಟ್ಟು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನೋನಾಳ ತೋಳು ಹಿಡಿದು ಟೀಚರ್ ಮೆಟ್ಟಿಲೇರುವಾಗ ಅವರೆಲ್ಲರ ಮಾತು ನಿಂತಿತು. ಟೀಚರ್ ಅವರಿಗೆ ಕೈಮುಗಿದರು. ಒಬ್ಬ ಮುದುಕ ಎದ್ದು ನಿಂತು ಟೋಪಿ ತೆಗೆದ.

ಬೇಕರಿಯ ಮೇಲಿನ ರೂಮಿನಲ್ಲಿ ಇಳಿದುಕೊಂಡೆವು. ಬೇಕರಿಯವಳ ಮಗಳಿಗೆ ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು. ಊರವರ ಮಾತನ್ನು ಅವಳು ನನಗೆ ಇಂಗ್ಲಿಷಿನಲ್ಲಿ ಹೇಳುವುದು, ಅದನ್ನು ನಾನು ಟೀಚರಿಗೆ ಕನ್ನಡದಲ್ಲಿ ದಾಟಿಸುವುದೆಂದಾಯಿತು.

ಮರುದಿನ ಬೆಳಿಗ್ಗೆ ಅವಳನ್ನೂ ಕರೆದುಕೊಂಡು ನೋನಾಳ ತಮ್ಮನ ಮನೆಗೆ ಹೋದೆವು. ನೋನಾ ಬಾಗಿಲು ಬಡಿದರು. ಮೇಲಿನ ಕಿಟಕಿ ತೆರೆದು ಒಬ್ಬ ಬಿಳಿಮೀಸೆಯ ಮುದುಕ ಇಣುಕಿದ. ಅಕ್ಕನನ್ನು ನೋಡಿದ, ನೋಡುತ್ತಲೇ ಇದ್ದ. ಆಮೇಲೆ ಎರಡೂ ಕದಗಳನ್ನು ಎಳೆದುಕೊಂಡ. ಒಳಗಿನಿಂದ ಚಿಲಕ ಹಾಕಿದ ಸದ್ದು ಬೀದಿಗೆ ಕೇಳಿಸಿತು.

ನೋನಾಳ ಮುಖ ಬಾಡಿಹೋಯಿತು. ಸಾಕು, ವಾಪಸ್ ಹೋಗೋಣ ಎಂದು ಮೆಟ್ಟಿಲಿಳಿಯತೊಡಗಿದರು.

ಟೀಚರ್ ಕದಲಲಿಲ್ಲ. ಬಾಗಿಲಿನ ಮುಂದಿನ ಕಲ್ಲಿನ ಹೊಸ್ತಿಲನ್ನು ಸೆರಗಿನಿಂದ ಕೊಡವಿ, ಕೋಲೂರಿ, ನೋವಾಗುವ ಸೊಂಟವನ್ನು ನಿಧಾನವಾಗಿ ಇಳಿಸಿ ಅಲ್ಲಿ ಕೂತುಬಿಟ್ಟರು. ಪಕ್ಕದ ಜಾಗವನ್ನು ತಟ್ಟಿ ನೋನಾಳಿಗೆ, "ಸಿಟ್" ಎಂದರು. ನೋನಾ ಕೂತರು. ಮಕ್ಕಳಿಗೆ ಹೇಳಿ ಅಭ್ಯಾಸವಾದ ಆ ಮಾತಿಗೆ ಎದುರಾಡುವುದು ಯಾರಿಗೂ ಸಾಧ್ಯವಿರಲಿಲ್ಲ.

"ಟೀಚರ್, ಅವ್ನು ಪೊಲೀಸ್‌ಗೆ ಫೋನ್ ಮಾಡಿದ್ರೆ?" ಎಂದೆ.

"ಮಾಡ್ಲಿ. ಅಕ್ಕ ತಂಗಿ ಅಂತ ಹುಟ್ಟಿದವರಿಗೆ ತವರಿನ ಹೊಸ್ತಿಲಲ್ಲಿ ಕೂರ್ಲಿಕ್ಕೂ ಇಲ್ಲ ಅಂತ ಯಾವ ಪೊಲೀಸ್ ಹೇಳ್ತಾನೆ, ನಾನೂ ನೋಡ್ತೇನೆ."

ಬಿಸಿಲೇರಿತು. ಒಬ್ಬೊಬ್ಬರೇ ಹೆಂಗಸರು ಬಂದರು. ಯಾರೋ ಕುರ್ಚಿ ತಂದರೆ ಟೀಚರ್ ಬೇಡವೆಂದರು. ಕಾಫಿ ಕೊಟ್ಟರೆ ಕುಡಿದರು. ಇವಳು ಇಂಥವನ ಮಗಳಲ್ಲವೇ ಎಂದು ನೋನಾಳ ಗುರುತು ಹಿಡಿದ ಒಬ್ಬ ಮುದುಕಿ ಅವರನ್ನು ತಬ್ಬಿಕೊಂಡು ಅತ್ತಳು. ಮೇಲಿನ ಕಿಟಕಿ ಮಾತ್ರ ತೆರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟೀಚರಿಗೆ ರೇಗಿತು. ಅಲ್ಲೇ ಕೂತು ಕತ್ತೆತ್ತಿ, ಅಪ್ಪಟ ಕನ್ನಡದಲ್ಲಿ ಕೂಗಿದರು:

"ಏ ಮಾರಾಯಾ! ಈ ಪ್ರಾಯದಲ್ಲಿ ಎಂಥ ಸಿಟ್ಟು ನಿಂದು? ಬೈಲಿಕ್ಕೆ ಉಂಟಾದ್ರೆ ಕೆಳಗೆ ಬಂದು ಬೈ! ಕಿಟಕಿ ಹಿಂದೆ ಅಡಗಿ ನಿಲ್ಲುವುದು ಗಂಡಸ್ತನವಾ?"

ಬೀದಿಗೆ ಬೀದಿಯೇ ನಕ್ಕಿತು. ಅರ್ಥವಾಗಿಯಲ್ಲ, ಆ ದನಿಗೆ. ನೋನಾಳಿಗೂ ನಗು ಬಂತು. ನಗುತ್ತ ನಗುತ್ತಲೇ ಅವರೊಳಗೆ ಏನೋ ಕಿತ್ತುಕೊಂಡಂತಾಗಿ, ಎದ್ದು ನಿಂತು, ಕಿಟಕಿಯತ್ತ ಮುಷ್ಟಿ ಎತ್ತಿ ತಮ್ಮೂರಿನ ಭಾಷೆಯಲ್ಲಿ ಕೂಗತೊಡಗಿದರು. ಬೇಕರಿಯ ಹುಡುಗಿ ಕಣ್ಣೊರೆಸಿಕೊಳ್ಳುತ್ತ ನನಗೆ ಹೇಳಿದಳು. ನೀನು ಉಚ್ಚೆ ಹೊಯ್ದ ಬಟ್ಟೆ ಒಗೆದವಳು ನಾನು, ನಡೆಯಲು ಕಲಿಸಿದವಳು ನಾನು, ಯಾವ ಕಾಲಿನಲ್ಲಿ ನಡೆದುಹೋಗಿ ಈ ಕಿಟಕಿ ಮುಚ್ಚಿದೆ ನೀನು ಎನ್ನುತ್ತಿದ್ದಾರೆ ಎಂದು.

ಬಾಗಿಲು ತೆರೆಯಿತು. ತಮ್ಮ ಬಂದದ್ದು ಅಪ್ಪಿಕೊಳ್ಳಲು ಅಲ್ಲ, ಜಗಳವಾಡಲು. ಅಮ್ಮ ಹಾಸಿಗೆ ಹಿಡಿದು ನಿನ್ನ ಹೆಸರು ಹೇಳುತ್ತಲೇ ಸತ್ತಳು, ಅಪ್ಪ ನಿನಗೆ ಸುದ್ದಿ ಮುಟ್ಟಿಸಿದ, ನೀನು ಬರುವುದಿಲ್ಲ ಎಂದೆ, ಅದಕ್ಕೆ ನನಗೆ ನೀನು ಬೇಡ ಎಂದ.

ನೋನಾ, ನನಗೆ ಯಾರೂ ಹೇಳಲಿಲ್ಲ ಎಂದರು. ಆಮೇಲೆ ಅದನ್ನೇ ಮತ್ತೆ ಮತ್ತೆ ಹೇಳಿದರು. ತಮ್ಮ ಅಕ್ಕನ ಮುಖವನ್ನೇ ದಿಟ್ಟಿಸಿದ. ಅಪ್ಪ ಸುಳ್ಳು ಹೇಳಿದ್ದ. ಇಬ್ಬರಿಗೂ ಅದು ಹೊಳೆದದ್ದು ಒಟ್ಟಿಗೇ. ಬಿಳಿಮೀಸೆಯ ಆ ಮುದುಕ ಬಾಗಿಲ ಚೌಕಟ್ಟಿಗೆ ಹಣೆಯೊತ್ತಿ ನಿಂತುಬಿಟ್ಟ.

ನಾನು ವಿಷಯ ಹೇಳಿದಾಗ ಟೀಚರ್, "ಒಬ್ಬ ಹೇಳಿದ ಸುಳ್ಳಿಗೆ ಇವರಿಬ್ಬರೂ ಇಷ್ಟು ವರ್ಷ ಅಟೆನ್ಷನ್‌ನಲ್ಲಿ ನಿಂತಿದ್ರಲ್ಲ, ಪಾಪ" ಎಂದರು. ಏಳಲು ನನ್ನತ್ತ ಕೈ ಚಾಚಿದರು. ಆದರೆ ಅವರನ್ನು ಎತ್ತಿ ನಿಲ್ಲಿಸಿದವನು ಆ ತಮ್ಮನೇ.

ಮರುದಿನ ಅವನೇ ನಮ್ಮನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದ. ಅಮ್ಮ, ಅಪ್ಪ ಇಬ್ಬರ ಸಮಾಧಿಗಳೂ ಅಕ್ಕಪಕ್ಕ, ಕಲ್ಲಿನಲ್ಲಿ ಕೂರಿಸಿದ ಫೋಟೊಗಳು. ನೋನಾ ತಂದ ಹೂವನ್ನೆಲ್ಲ ಅಮ್ಮನಿಗೆ ಇಟ್ಟು, ಫೋಟೊದ ಕೆನ್ನೆ ಸವರಿ, ಬಹಳ ಹೊತ್ತು ಏನೇನೋ ಹೇಳಿಕೊಂಡರು. ಆಮೇಲೆ ಅಪ್ಪನ ಫೋಟೊದೆದುರು ನಿಂತರು. ತಮ್ಮ ಒಂದು ಹೂವನ್ನು ತೆಗೆದು ಅಕ್ಕನ ಕೈಗೆ ಕೊಡಲು ಹೋದ. ನೋನಾ ಬೇಡವೆಂದು ತಲೆಯಾಡಿಸಿದರು. ಆ ಹೂವನ್ನೂ ಅಮ್ಮನ ಹತ್ತಿರವೇ ಇಟ್ಟು ಹೊರಟುಬಿಟ್ಟರು.

ಪಾಪ, ಸತ್ತವರ ಮೇಲೆ ಇನ್ನೇನು ಹಟ ಎಂದು ನನಗೆ ಅನ್ನಿಸಿದ್ದು ನನ್ನ ಮುಖದಲ್ಲಿ ಕಂಡಿರಬೇಕು. ಟೀಚರ್ ತಗ್ಗಿದ ದನಿಯಲ್ಲಿ, "ಎಲ್ಲರನ್ನೂ ಕ್ಷಮಿಸ್ಲೇಬೇಕು ಅಂತ ಏನಿಲ್ಲ, ಆಯ್ತಾ? ಅದು ಅವಳ ಇಷ್ಟ" ಎಂದರು. ನನಗೆ ಆ ದಿನದವರೆಗೆ ಯಾರೂ ಹಾಗೆ ಹೇಳಿರಲಿಲ್ಲ. ಬಿಟ್ಟುಬಂದ ಗಂಡನನ್ನು ಮನಸ್ಸಿನಲ್ಲಾದರೂ ಕ್ಷಮಿಸಿಬಿಡು, ನಿನಗೇ ಒಳ್ಳೆಯದು ಎಂದು ಬುದ್ಧಿ ಹೇಳಿದವರೇ ಎಲ್ಲ. ಬಸ್ಸಿನಲ್ಲಿ ಗುಡ್ಡ ಇಳಿಯುವಾಗ, ಅದು ನನ್ನ ಇಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ಕಾಲದಿಂದ ಹೊತ್ತಿದ್ದ ಒಂದು ಕೆಲಸ ಹೆಗಲಿನಿಂದ ಇಳಿದ ಹಾಗಾಯಿತು.

ಕೆಲಸ ಬದಲಾಗಿ ನಾನೂ ಈಗ ಸಿಡ್ನಿಯಲ್ಲಿದ್ದೇನೆ. ಟೀಚರ್ ಕೊನೆಯವರೆಗೂ ಮೆಲ್ಬರ್ನ್ ಬಿಡಲಿಲ್ಲ. ಕಳೆದ ಚಳಿಗಾಲದಲ್ಲಿ ಆಸ್ಪತ್ರೆಗೆ ಸೇರಿದಾಗ ನೋಡಲು ಹೋಗಿದ್ದೆ. ಕಸರತ್ತು ಮಾಡಿಸಲು ಬಂದ ಫಿಸಿಯೊ ಹುಡುಗಿಗೆ ಅವಳು ಎಣಿಸುವ ಕ್ರಮವೇ ತಪ್ಪೆಂದು ಪಾಠ ಮಾಡುತ್ತಿದ್ದರು. ನಾನು ಹಿಂತಿರುಗಿದ ವಾರದಲ್ಲೇ ಹೋಗಿಬಿಟ್ಟರು.

ಅಂತ್ಯಕ್ರಿಯೆಗೆ ಅವರ ಮಗನ ಜೊತೆಗೇ ವಿಮಾನ ಹತ್ತಿದೆ. ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನ್‌ನಿಂದ ನೆಂಟರು, ಪರಿಚಯದವರು ಬಂದಿದ್ದರು. ನೋನಾ ಮಗಳ ತೋಳು ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದರು. ಶವಪೆಟ್ಟಿಗೆ ಎತ್ತುವ ಹೊತ್ತಿಗೆ ನಾನು ಹೋಗಿ ಅದರ ಒಂದು ಹಿಡಿಕೆ ಹಿಡಿದುಕೊಂಡೆ. ನೆಂಟರಲ್ಲಿ ಹಿರಿಯರೊಬ್ಬರು ಹತ್ತಿರ ಬಂದು, "ನೀನು ಬಿಡಮ್ಮ. ಹೆಂಗಸರು ಹೆಗಲು ಕೊಡುವ ಕ್ರಮ ಇಲ್ಲ ನಮ್ಮಲ್ಲಿ" ಎಂದರು.

"ಇರಲಿ ಅಂಕಲ್. ನಾನು ಹಿಡೀತೀನಿ" ಎಂದೆ.

ಅವರು ಮಗನ ಕಡೆ ನೋಡಿದರು. ಮಗ ನನ್ನನ್ನು ನೋಡಿದ. ಸ್ವಲ್ಪ ಸರಿದು ನನಗೆ ಜಾಗ ಬಿಟ್ಟ. ಹಿರಿಯರು ಮುಖ ತಿರುಗಿಸಿ ಹೊರಗೆ ನಡೆದರು. ನಾವು ಎತ್ತಿದೆವು.